ಮೂರು ಪಂದ್ಯ, ಏಳು ಪಾಯಿಂಟ್: ವಾಟ್ ಮಿಸಾಕಾ ಯಾಕೆ ನೆನಪಾಗಲಿಲ್ಲ?

1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ನ್ಯೂಯಾರ್ಕಿನ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಸೇರಿ ಬೇಸ್‌ಬಾಲ್‌ನ ವರ್ಣಭೇದ ಮುರಿದದ್ದು ಅಮೆರಿಕದ ಶಾಲಾ ಮಕ್ಕಳಿಗೂ ಗೊತ್ತು. ಅದೇ ವರ್ಷ, ಅದೇ ಊರಿನಲ್ಲಿ, ಐದಡಿ ಏಳಿಂಚಿನ ಹುಡುಗನೊಬ್ಬ ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಬಾಸ್ಕೆಟ್‌ಬಾಲ್ ಆಡಿದ. ಹೆಸರು ವಾಟ್ ಮಿಸಾಕಾ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಇಂದಿನ ಎನ್‌ಬಿಎಯಲ್ಲಿ ಆಡಿದ ಮೊದಲ ಬಿಳಿಯನಲ್ಲದ ಆಟಗಾರ ಆತನೇ.

ಮಿಸಾಕಾ ಹುಟ್ಟಿದ್ದು 1923ರಲ್ಲಿ, ಯೂಟಾ ರಾಜ್ಯದ ಆಗ್ಡನ್‌ನಲ್ಲಿ. ಅಪ್ಪ ಅಮ್ಮ ಜಪಾನಿನಿಂದ ಬಂದವರು. ಅಪ್ಪನದು ಕ್ಷೌರದಂಗಡಿ, ಅದರ ಕೆಳಗಿನ ನೆಲಮಾಳಿಗೆಯಲ್ಲೇ ಮನೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಶತ್ರುವಾದಾಗ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನೆಲ್ಲ ಸರ್ಕಾರ ಶಿಬಿರಗಳಿಗೆ ತಳ್ಳಿತು. ಸುಮಾರು 1,20,000 ಜನ! ಯೂಟಾ ಒಳನಾಡು, ಹಾಗಾಗಿ ಮಿಸಾಕಾ ಕುಟುಂಬ ಬಚಾವಾಯಿತು. ಅದೇ ರಾಜ್ಯದ ಟೋಪಾಜ್ ಶಿಬಿರದಲ್ಲಿ ತಮ್ಮವರು ಮುಳ್ಳುತಂತಿಯ ಹಿಂದಿದ್ದಾಗ ಈತ ಕಾಲೇಜು ತಂಡದಲ್ಲಿ ಆಡುತ್ತಿದ್ದ. 1944ರಲ್ಲಿ ಯೂಟಾ ವಿಶ್ವವಿದ್ಯಾಲಯ ಡಾರ್ಟ್‌ಮತ್ ತಂಡವನ್ನು 42-40ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಗೆದ್ದು ಊರಿಗೆ ಬಂದರೆ ಸೇನೆಯ ಕರೆ ಕಾದಿತ್ತು. ಸೇನೆ ಅವನನ್ನು ಕಳಿಸಿದ್ದು ಹಿರೋಶಿಮಾಕ್ಕೆ, ಬಾಂಬ್‌ನಿಂದ ಬದುಕುಳಿದವರನ್ನು ಮಾತಾಡಿಸುವ ಕೆಲಸಕ್ಕೆ.

ವಾಪಸ್ ಬಂದ ಮೇಲೆ, 1947ರ ಎನ್‌ಐಟಿ ಎಂಬ ಕಾಲೇಜು ಟೂರ್ನಿಯ ಫೈನಲ್. ಎದುರಿಗೆ ಬಲಿಷ್ಠ ಕೆಂಟಕಿ ವಿಶ್ವವಿದ್ಯಾಲಯ. ಅವರ ತಾರಾ ಗಾರ್ಡ್ ರಾಲ್ಫ್ ಬಿಯರ್ಡ್‌ಗೆ ಮಿಸಾಕಾ ಒಂದೇ ಒಂದು ಪಾಯಿಂಟ್ ಬಿಟ್ಟುಕೊಟ್ಟ. ಯೂಟಾ 49-45ರಿಂದ ಗೆದ್ದಿತು. ಪಂದ್ಯ ನಡೆದದ್ದು ನಿಕ್ಸ್ ತಂಡದ ಮನೆಯಂಗಳ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ. ನಿಕ್ಸ್ ಅವನನ್ನು ಆರಿಸಿಕೊಂಡಿತು.

ಆದರೆ ನವೆಂಬರ್‌ನಲ್ಲಿ ಮೂರೇ ಪಂದ್ಯ, ಏಳೇ ಪಾಯಿಂಟ್. ಅಷ್ಟರಲ್ಲೇ ತಂಡದಿಂದ ಕೈಬಿಟ್ಟರು. ತಂಡದಲ್ಲಿ ತನ್ನಂತೆ ಗಾರ್ಡ್ ಸ್ಥಾನದಲ್ಲಿ ಆಡುವವರು ಜಾಸ್ತಿ ಇದ್ದರು ಅಂತ ಮಿಸಾಕಾ ಮುಂದೆ ಹೇಳುತ್ತಿದ್ದರು. ತಾರತಮ್ಯದ ಮಾತು ಅವರ ಬಾಯಿಂದ ಬರಲಿಲ್ಲ. ಅವರ ಮಾತನ್ನೇ ನಂಬೋಣ, ಆದರೂ ಮೂರು ಪಂದ್ಯ ಯಾರ ಪರೀಕ್ಷೆಗೂ ಸಾಲದು, ಅಲ್ವಾ?

ಇಷ್ಟಾದರೂ ಹೆಸರು ಮರೆಯಾದದ್ದು ಹೇಗೆ? ಒಂದು, ಲೀಗೇ ಆಗ ಸಣ್ಣದು. ನಿಕ್ಸ್ ಆಡುತ್ತಿದ್ದ, 1946ರಲ್ಲಿ ಹುಟ್ಟಿದ ಬಿಎಎ ಲೀಗ್, 1949ರಲ್ಲಿ ಎದುರಾಳಿ ಲೀಗ್ ಎನ್‌ಬಿಎಲ್ ಜೊತೆ ಸೇರಿದ ಮೇಲೆಯೇ ಎನ್‌ಬಿಎ ಆದದ್ದು. (ಆ ಎನ್‌ಬಿಎಲ್‌ನಲ್ಲಿ 1942ರಲ್ಲೇ ಕಪ್ಪು ಆಟಗಾರರಿದ್ದರು, ಅವರನ್ನೂ ಯಾರೂ ನೆನೆಯುವುದಿಲ್ಲ.) ಇನ್ನೊಂದು, ನನಗೆ ಮುಖ್ಯ ಅನ್ನಿಸುವುದು: ವರ್ಣಭೇದ ಅಂದರೆ ಅಮೆರಿಕದವರ ತಲೆಯಲ್ಲಿ ಕಪ್ಪು-ಬಿಳುಪು ಎರಡೇ. 1950ರಲ್ಲಿ ಕಪ್ಪು ಆಟಗಾರರಾದ ಚಕ್ ಕೂಪರ್, ಅರ್ಲ್ ಲಾಯ್ಡ್, ನ್ಯಾಟ್ ಕ್ಲಿಫ್ಟನ್ ಎನ್‌ಬಿಎಗೆ ಬಂದಾಗ ಇತಿಹಾಸ ಅಲ್ಲಿಂದ ಶುರುವಾಯಿತು. ಜಪಾನಿ ಮೂಲದ ಹುಡುಗ ಆ ಲೆಕ್ಕಕ್ಕೇ ಸಿಗಲಿಲ್ಲ.

ನಿಕ್ಸ್ ಬಿಟ್ಟ ಮೇಲೆ ಪ್ರದರ್ಶನ ಪಂದ್ಯಗಳನ್ನು ಆಡುವ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಕರೆದಿತ್ತು. ಮಿಸಾಕಾ ಒಲ್ಲೆ ಎಂದು ಎಂಜಿನಿಯರಿಂಗ್ ಓದು ಮುಗಿಸಿದರು, ಸಾಲ್ಟ್ ಲೇಕ್ ಸಿಟಿಯಲ್ಲಿ ಎಂಜಿನಿಯರ್ ಆಗಿ ದುಡಿದರು. 2012ರಲ್ಲಿ ಅದೇ ನಿಕ್ಸ್‌ನಲ್ಲಿ ತೈವಾನ್ ಮೂಲದ ಜೆರೆಮಿ ಲಿನ್ ಮಿಂಚಿದಾಗ ಪತ್ರಕರ್ತರು ಅವರನ್ನು ಹುಡುಕಿಕೊಂಡು ಬಂದರು. 2019ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಯೂಟಾ ವಿಶ್ವವಿದ್ಯಾಲಯ ಅವರ 20ನೇ ನಂಬರಿನ ಜೆರ್ಸಿಯನ್ನು ಗೌರವಾರ್ಥ ಮೀಸಲಿಟ್ಟದ್ದು 2022ರಲ್ಲಿ.