ಕೈಯಲ್ಲಿ ಒಂದು: ಲೆಕ್ಕದ ಯಂತ್ರಗಳು ಎಡವಿದ ಜಾಗ

ರಾಯಚೂರು ಸೀಮೆಯ ಕಣಗಳಲ್ಲಿ ಜೋಳ ಅಳೆಯುವವರು ಮೊದಲ ಅಳತೆಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು, ನಾಲ್ಕು. ಪಕ್ಕದಲ್ಲಿ ಕೂತವರು ಅಳತೆಗೊಂದು ಗೀಟು ಎಳೆಯುತ್ತ, ಐದನೆಯದು ಬಂದಾಗ ನಾಲ್ಕು ಗೀಟಿನ ಮೇಲೆ ಅಡ್ಡಗೀಟು ಹಾಕುತ್ತಾರೆ. ಗೀಟು ಎಳೆಯಲು ಲೆಕ್ಕ ಬರಬೇಕಿಲ್ಲ. ಅಡ್ಡಗೀಟಿನ ಮಾತು ಬೇರೆ. ಇಲ್ಲಿಗೆ ಒಂದು ಕಟ್ಟು ತುಂಬಿತು, ಇನ್ನು ಹೊಸದು ಎಂದು ಅದು ಹೇಳುತ್ತದೆ. ಎಂಟು ಏಳು ಹದಿನೈದು, ಐದು ಬರೆದು ಕೈಯಲ್ಲಿ ಒಂದು ಎಂದು ಮಕ್ಕಳು ಪಾಟಿಯ ಮೇಲೆ ಕೂಡುವಾಗಲೂ ಆಗುವುದು ಅದೇ.

ಕಂಪ್ಯೂಟರಿನ ಇತಿಹಾಸವನ್ನು ಹೆಸರು ಮತ್ತು ಇಸವಿಗಳ ಸರಮಾಲೆಯಾಗಿ ಓದಿದರೆ ಏನೂ ತಲೆಯಲ್ಲಿ ನಿಲ್ಲುವುದಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಆ ‘ಕೈಯಲ್ಲಿ ಒಂದು’ ಯಾರ ಕೈಯಲ್ಲಿತ್ತು? ಎಣಿಸುವ ಹಲ್ಲುಚಕ್ರವನ್ನು ಯಾವ ಗಡಿಯಾರದವನೂ ಮಾಡಿಕೊಟ್ಟಾನು. ತುಂಬಿದ ಹತ್ತನ್ನು ಮುಂದಿನ ಮನೆಗೆ, ಅಂದರೆ ಮುಂದಿನ ಅಂಕಿಯ ಸ್ಥಾನಕ್ಕೆ, ತಾನೇ ತಪ್ಪದೆ ದಾಟಿಸುವ ಯಂತ್ರ ಮಾತ್ರ ಅಷ್ಟು ಸುಲಭಕ್ಕೆ ಸಿಗಲಿಲ್ಲ.

ಶುರುವಿನಲ್ಲಿ ಈ ಕೆಲಸವೆಲ್ಲ ಮನುಷ್ಯನದೇ. ಕಾಂಗೋದ ಇಶಾಂಗೋದಲ್ಲಿ 1950ರಲ್ಲಿ ಸಿಕ್ಕ, ಸುಮಾರು 20,000 ವರ್ಷ ಹಳೆಯ ಎಲುಬಿನ ಮೇಲೆ ಗುಂಪು ಗುಂಪಾಗಿ ಕೊರೆದ ಗೀಟುಗಳಿವೆ. ಅಶೋಕನ ಕಾಲದ ಬ್ರಾಹ್ಮಿ ಅಂಕಿಗಳಲ್ಲಿ 256 ಬರೆಯಲು 200ಕ್ಕೊಂದು, 50ಕ್ಕೊಂದು, 6ಕ್ಕೊಂದು ಗುರುತು ಬೇಕಿತ್ತು. ಅದು ಬರೆದಿಡಲು ಸಾಕು, ಕೂಡಲು ಬಾರದು. ಸ್ಥಾನಕ್ಕೆ ಬೆಲೆ ಬಂದ ಮೇಲೆ ಹಲಗೆಯ ಮೇಲೆ ಧೂಳು ಹರಡಿ ಬೆರಳಿನಿಂದ ಬರೆದು, ಅಳಿಸಿ, ಮತ್ತೆ ಬರೆಯುವ ಲೆಕ್ಕ ನಮ್ಮಲ್ಲಿ ಬೆಳೆಯಿತು. ಅದಕ್ಕೆ ಧೂಳೀಕರ್ಮ, ಪಾಟೀಗಣಿತ ಎಂದೇ ಹೆಸರು. ನಮ್ಮ ಕಡೆ ಸ್ಲೇಟಿಗೆ ಇಂದಿಗೂ ಪಾಟಿ ಅನ್ನುತ್ತೇವೆ.

ಮಣಿಚೌಕಟ್ಟಿನಲ್ಲಿ ದಾಟಿಸುವ ಕೆಲಸ ಕಣ್ಣಿಗೇ ಕಾಣುತ್ತದೆ. ಈಗ ಬಳ್ಳಾರಿ, ರಾಯಚೂರಿನ ಅಬ್ಯಾಕಸ್ ಕ್ಲಾಸುಗಳಲ್ಲಿ ಬಳಸುವುದು ಜಪಾನಿನ ಸೊರೊಬಾನ್: ಕಡ್ಡಿಗೆ ಮೇಲೊಂದು ಮಣಿ, ಬೆಲೆ ಐದು, ಕೆಳಗೆ ನಾಲ್ಕು, ಬೆಲೆ ಒಂದೊಂದು. ಎಂಟಕ್ಕೆ ಏಳು ಕೂಡಬೇಕು ಅನ್ನಿ. ಬಿಡಿಯ ಕಡ್ಡಿಯಲ್ಲಿ ಮೇಲಿನ ಮಣಿ ಇಳಿದಿದೆ, ಕೆಳಗಿನ ಮೂರು ಏರಿವೆ. ಏಳು ಹಾಕಲು ಜಾಗವಿಲ್ಲ. ಹತ್ತಕ್ಕೆ ಏಳರ ಜೋಡಿ ಮೂರು. ಆ ಮೂರನ್ನು ಇಳಿಸಿ, ಎಡಗಡೆಯ ಕಡ್ಡಿಯಲ್ಲಿ ಒಂದು ಏರಿಸಿದರೆ ಹದಿನೈದು. ಮಕ್ಕಳು ತಪ್ಪುವುದು ಎರಡು ಕಡೆ. ಐದರ ಜೋಡಿ ಮತ್ತು ಹತ್ತರ ಜೋಡಿಯನ್ನು ಅದಲುಬದಲು ಮಾಡುತ್ತಾರೆ, ಇಲ್ಲವೇ ಎಡಗಡೆ ಏರಿಸುವುದನ್ನು ಮರೆಯುತ್ತಾರೆ. 99ಕ್ಕೆ 1 ಕೂಡುವಾಗ ಬೆರಳು ಬಿಡಿಯಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ಓಡಬೇಕು. ಈ ಓಟವೇ ಮುಂದೆ ಯಂತ್ರಗಳನ್ನು ಕಟ್ಟಿಹಾಕಿದ್ದು.

ಜರ್ಮನಿಯ ವಿಲ್ಹೆಲ್ಮ್ ಶಿಕಾರ್ಡ್ 1623ರಲ್ಲಿ ಆರು ಅಂಕಿಗಳ ಯಂತ್ರ ರಚಿಸಿ ಅದರ ವಿಷಯ ಖಗೋಳಜ್ಞ ಕೆಪ್ಲರನಿಗೆ ಬರೆದ. ಚಕ್ರ ಒಂದು ಸುತ್ತು ಮುಗಿಸಿದಾಗ ಅದರ ಒಂಟಿ ಹಲ್ಲು ಮುಂದಿನದನ್ನು ಒಂದು ಮನೆ ತಳ್ಳುತ್ತದೆ. ಒಂದೆರಡು ದಾಟು ಇದ್ದರೆ ಸಲೀಸು. 999999ಕ್ಕೆ 1 ಕೂಡಿದರೆ ಆರೂ ಚಕ್ರಗಳನ್ನು ತಿರುಗಿಸುವ ಬಲ ಒಂದೇ ಬಿಡಿಯ ಚಕ್ರದಿಂದ ಬರಬೇಕು. ಹಲ್ಲು ಸವೆಯುತ್ತದೆ, ಬಾಗುತ್ತದೆ, ಇಲ್ಲವೇ ಸಿಕ್ಕಿಕೊಳ್ಳುತ್ತದೆ. ಎತ್ತಿನಗಾಡಿ ಆರನ್ನು ಸಾಲಾಗಿ ಕಟ್ಟಿ ಒಂದೇ ಜೋಡಿ ಎತ್ತಿನಿಂದ ಎಳೆಸಿದಂತೆ.

ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ ಈ ಗಂಟನ್ನು ಬಿಡಿಸಿದ ರೀತಿ ನೋಡಿದಾಗಲೆಲ್ಲ ಖುಷಿ ಕೊಡುತ್ತದೆ. ತಂದೆ ರೂಆನ್ ಪಟ್ಟಣದಲ್ಲಿ ಕಂದಾಯದ ಅಧಿಕಾರಿ, ಮನೆ ತುಂಬ ಕೂಡುವ ಲೆಕ್ಕ. 1642ರಲ್ಲಿ ಕೆಲಸ ಹಿಡಿದು 1645ರಲ್ಲಿ ಯಂತ್ರ ತೋರಿಸಿದ. ಅದರಲ್ಲಿ ಚಕ್ರ ಚಕ್ರವನ್ನು ತಳ್ಳುವುದಿಲ್ಲ. ಪ್ರತಿ ಚಕ್ರದ ಪಕ್ಕ ಒಂದು ತೂಕದ ಸನ್ನೆಕೋಲಿದೆ, ಹೆಸರು ಸೋಟ್ವಾರ್. ಅಂಕಿ ಒಂಬತ್ತರ ಕಡೆ ಸಾಗುತ್ತಿದ್ದಂತೆ ಚಕ್ರ ಈ ತೂಕವನ್ನು ಸ್ವಲ್ಪ ಸ್ವಲ್ಪವಾಗಿ ಎತ್ತುತ್ತದೆ. ಒಂಬತ್ತು ದಾಟಿ ಸೊನ್ನೆಗೆ ಬಂದ ಕ್ಷಣ ಅದು ಕಳಚಿ ಬಿದ್ದು, ಬೀಳುವ ಭರದಲ್ಲಿ ಮುಂದಿನ ಚಕ್ರಕ್ಕೆ ಒಂದು ಒದೆ ಕೊಡುತ್ತದೆ. ಪ್ರತಿ ದಾಟಿಗೆ ಬೇಕಾದ ಬಲ ಮೊದಲೇ ಆಯಾ ಮನೆಯಲ್ಲಿ ಕೂಡಿಟ್ಟಿರುವುದರಿಂದ ಸಾಲು ಎಷ್ಟೇ ಉದ್ದವಿದ್ದರೂ ಬೆರಳಿಗೆ ಭಾರವಿಲ್ಲ. ದೋಷವೂ ಅಲ್ಲೇ ಇದೆ. ತೂಕ ಬೀಳಲು ಪೆಟ್ಟಿಗೆ ಸಮತಟ್ಟಾಗಿ ಕೂತಿರಬೇಕು, ಮತ್ತು ಚಕ್ರವನ್ನು ಹಿಂದಕ್ಕೆ ತಿರುಗಿಸಲು ಬಾರದು.

ಹಾಗಾದರೆ ಕಳೆಯುವುದು ಹೇಗೆ? 742ರಲ್ಲಿ 268 ಕಳೆಯಬೇಕು. 742ರ ಪ್ರತಿ ಅಂಕಿಯನ್ನೂ ಒಂಬತ್ತರಿಂದ ಕಳೆದರೆ 257. ಅದಕ್ಕೆ 268 ಕೂಡಿದರೆ 525. ಅದನ್ನು ಮತ್ತೆ ಒಂಬತ್ತರಿಂದ ತಿರುಗಿಸಿದರೆ 474, ಅದೇ ಉತ್ತರ. ಯಂತ್ರದ ಕಿಂಡಿಗಳಲ್ಲಿ ಅಂಕಿ ಮತ್ತು ಅದರ ಒಂಬತ್ತರ ಜೋಡಿ ಎರಡು ಸಾಲಾಗಿ ಬರೆದಿದ್ದವು. ಪಟ್ಟಿ ಸರಿಸಿ ಯಾವ ಸಾಲು ಬೇಕೋ ಅದನ್ನು ನೋಡಿದರಾಯಿತು. ಈ ಉಪಾಯವನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಪಾಸ್ಕಲನ ಹಣದ ಯಂತ್ರಗಳಲ್ಲಿ ಬಲಗಡೆಯ ಕೊನೆಯ ಎರಡು ಚಕ್ರ ಹತ್ತರವಲ್ಲ. 12 ದನಿಯೇಗೆ ಒಂದು ಸೋಲ್, 20 ಸೋಲಿಗೆ ಒಂದು ಲಿವ್ರ್. ಅದಕ್ಕೆ ಒಂದು ಚಕ್ರಕ್ಕೆ 12 ಮನೆ, ಇನ್ನೊಂದಕ್ಕೆ 20. ಪೈ, ಆಣೆಯ ಕಾಲ ಕಂಡ ನಮ್ಮ ಹಿರಿಯರಿಗೆ ಇದು ವಿಚಿತ್ರವಲ್ಲ. 9 ಆಣೆ 8 ಪೈಗೆ 7 ಆಣೆ 6 ಪೈ ಕೂಡಿದರೆ ಪೈ 14: ಎರಡು ಬರೆದು ಕೈಯಲ್ಲಿ ಒಂದಾಣೆ, ಯಾಕೆಂದರೆ ಕಟ್ಟು 12ರದು. ಆಣೆ 17: ಒಂದು ಬರೆದು ಕೈಯಲ್ಲಿ ಒಂದು ರೂಪಾಯಿ, ಇಲ್ಲಿ ಕಟ್ಟು 16ರದು. ಸಾಲದ್ದಕ್ಕೆ ತುಂಗಭದ್ರೆಯ ಆಚೆ ದಡ ನಿಜಾಮರ ರಾಜ್ಯ, ಈಚೆ ಬಳ್ಳಾರಿ ಮದ್ರಾಸಿನದು. 7 ಹಾಲಿ ಸಿಕ್ಕಾ ರೂಪಾಯಿಗೆ 6 ಭಾರತದ ರೂಪಾಯಿ ಎಂಬ ದರವನ್ನೂ ವ್ಯಾಪಾರಿ ತಲೆಯಲ್ಲೇ ತೂಗಬೇಕಿತ್ತು. 1957ರ ಏಪ್ರಿಲ್ 1ರಿಂದ ನೂರು ನಯಾಪೈಸೆಯ ಲೆಕ್ಕ ಬಂದು ಎಲ್ಲ ಮನೆಗಳೂ ಹತ್ತರವಾದವು.

ಗುಣಾಕಾರಕ್ಕೆ ಹೊರಟವನು ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್. 1673ರಲ್ಲಿ ಲಂಡನ್ನಿನಲ್ಲಿ ಅವನು ತೋರಿಸಿದ ಮಾದರಿಯ ಜೀವಾಳ ಒಂದು ಉರುಳೆ. ಅದರ ಮೈಮೇಲೆ ಒಂದಕ್ಕಿಂತ ಒಂದು ಉದ್ದವಾದ ಒಂಬತ್ತು ಹಲ್ಲು. ಎಣಿಸುವ ಚಕ್ರವನ್ನು ಎಲ್ಲಿಗೆ ಸರಿಸುತ್ತೀರೋ ಅಷ್ಟೇ ಹಲ್ಲು ತಾಕುತ್ತವೆ. ಆದರೆ ದಾಟಿನ ಮೇಲೆ ದಾಟು ಬಂದಾಗ ಯಂತ್ರ ಅರ್ಧಕ್ಕೆ ನಿಲ್ಲುತ್ತಿತ್ತು. ಬಾಕಿ ಉಳಿದ ದಾಟನ್ನು ತೋರಿಸಲು ಐದು ಮೂಲೆಯ ಬಿಲ್ಲೆಯ ತುದಿ ಮೇಲೆ ಚಾಚಿಕೊಳ್ಳುತ್ತಿತ್ತು; ಅದನ್ನು ಬೆರಳಿನಿಂದ ತಳ್ಳಬೇಕು. ಅಂಥ ದೊಡ್ಡ ತಲೆಯವನ ಯಂತ್ರದಲ್ಲೂ ‘ಒಂದು’ ಮತ್ತೆ ಮನುಷ್ಯನ ಕೈಗೇ ಬಂದು ಬಿತ್ತು.

ಈ ದೋಷ ಕಳೆದುಕೊಂಡು ಕಚೇರಿಗೆ ಬಂದದ್ದು 1820ರಲ್ಲಿ ಪೇಟೆಂಟ್ ಆದ ಥಾಮಸ್ ದ ಕೊಲ್ಮಾರನ ಅರಿತ್ಮೋಮೀಟರ್, ಆಮೇಲೆ 1870ರ ದಶಕದ ಓಡ್ನರ್ ಯಂತ್ರ. ಭಾರತದ ಬ್ಯಾಂಕು, ಕಚೇರಿಗಳಲ್ಲಿದ್ದ ಕೈಹಿಡಿಯ ಫೇಸಿಟ್ ಕೂಡ ಈ ವಂಶದ್ದೇ. ಸಿಂಧನೂರು, ಗಂಗಾವತಿ ಕಡೆ ಭತ್ತದ ಚೀಲ 75 ಕಿಲೋ. 348 ಚೀಲದ ತೂಕ ಬೇಕೆಂದರೆ 348 ಇಟ್ಟು ಹಿಡಿಯನ್ನು ಐದು ಸುತ್ತು ತಿರುಗಿಸಿ, ಗಾಡಿಯನ್ನು (ಉತ್ತರದ ಅಂಕಿಗಳಿರುವ, ಪಕ್ಕಕ್ಕೆ ಸರಿಯುವ ಭಾಗ) ಒಂದು ಮನೆ ಸರಿಸಿ ಏಳು ಸುತ್ತು. 75 ಸುತ್ತಿನ ಕೆಲಸ 12 ಸುತ್ತಿಗೆ ಮುಗಿದು 26,100 ಕಿಲೋ ಬರುತ್ತದೆ. (ಮುಕ್ಕಾಲು ಮಗ್ಗಿ ಬಾಯಿಗೆ ಬಂದವರಿಗೆ ಹಿಡಿಯೂ ಬೇಡ: 348ರ ಮುಕ್ಕಾಲು 261 ಕ್ವಿಂಟಲ್.) ಭಾಗಾಕಾರಕ್ಕೆ ಗಂಟೆ ಬಾರಿಸುವವರೆಗೆ ಹಿಂದಕ್ಕೆ ತಿರುಗಿಸಿ, ಬಾರಿಸಿದೊಡನೆ ಮುಂದಕ್ಕೆ ಒಂದು ಸುತ್ತು ಕೊಟ್ಟು ಸರಿಪಡಿಸಿ, ಗಾಡಿ ಸರಿಸಬೇಕು. ಹಳೆಯ ಯಂತ್ರ ಸಿಕ್ಕರೆ ಮೊದಲು ಒಂದು ಪರೀಕ್ಷೆ ಮಾಡಿ. ಸೊನ್ನೆಯಿಂದ ಒಂದು ಕಳೆಯಿರಿ, ಸಾಲಿಡೀ ಒಂಬತ್ತು ಬರಬೇಕು. ಒಂದು ಕೂಡಿ, ಎಲ್ಲ ಸೊನ್ನೆಯಾಗಬೇಕು. ನಡುವೆ ಎಲ್ಲಾದರೂ ಒಂಬತ್ತು ಉಳಿದರೆ ಅಲ್ಲಿನ ದಾಟಿಸುವ ಸನ್ನೆ ಕಚ್ಚಿಕೊಂಡಿದೆ ಎಂದರ್ಥ. ನಮ್ಮ ಬಿಸಿಲಿಗೆ ಒಣಗಿ ಅಂಟಾದ ಹಳೇ ಎಣ್ಣೆಗೆ ಧೂಳು ಸೇರಿದರೆ ಮೊದಲು ಕೆಡುವುದು ಅದೇ. ಮೇಲಿಂದ ಎಣ್ಣೆ ಸುರಿದರೆ ಇನ್ನಷ್ಟು ಧೂಳು ಹಿಡಿಯುತ್ತದೆ, ಹಳೆಯದನ್ನು ತೊಳೆದು ತೆಗೆಯಬೇಕು.

ಎಂಜಿನಿಯರರ ಸ್ಲೈಡ್ ರೂಲ್, ಅಂದರೆ ಗುರುತು ಹಾಕಿದ ಜಾರುಪಟ್ಟಿ, ಈ ಗೋಜಿಗೇ ಹೋಗಲಿಲ್ಲ. ಅದು ಲಾಗರಿದಮ್ಮಿನ ಉದ್ದಗಳನ್ನು ಕೂಡುತ್ತದೆ, ಮೂರು ಅಂಕಿಯವರೆಗೆ ಉತ್ತರ ಕೊಡುತ್ತದೆ, ದಶಮಾಂಶ ಬಿಂದು ಎಲ್ಲಿ ಎಂಬುದನ್ನು ಬಳಸುವವರ ವಿವೇಕಕ್ಕೆ ಬಿಡುತ್ತದೆ. ತುಂಗಭದ್ರಾ ಅಣೆಕಟ್ಟು ಏಳುತ್ತಿದ್ದ 1945ರಿಂದ 1953ರ ಕಾಲಕ್ಕೆ ಎಂಜಿನಿಯರರ ನಿತ್ಯದ ಉಪಕರಣ ಅದೇ. ಕಾಲುವೆಯ ನೀರಿನ ಅಂದಾಜಿಗೆ ಮೂರು ಅಂಕಿ ಸಾಕು. ಖಜಾನೆಯ ಲೆಕ್ಕಕ್ಕೆ ಸಾಲದು.

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಗಣಿತಜ್ಞ ಬ್ಯಾಬೇಜನಿಗೆ ಬೇಕಿದ್ದದ್ದು ತಪ್ಪಿಲ್ಲದ ಗಣಿತ ಕೋಷ್ಟಕ. ಅಂಥ ಕೋಷ್ಟಕ ಮಾಡಲು ಅವನು ಯೋಜಿಸಿದ ಎರಡನೇ ಡಿಫರೆನ್ಸ್ ಎಂಜಿನ್ನಿನಲ್ಲಿ ಸಂಖ್ಯೆಗೆ 31 ಅಂಕಿ. ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನವರು 1991ರಲ್ಲಿ ಅದರ ಲೆಕ್ಕದ ಭಾಗವನ್ನು ಸುಮಾರು 4,000 ಬಿಡಿಭಾಗಗಳಿಂದ ಕಟ್ಟಿ ನಡೆಸಿ ತೋರಿಸಿದರು. ಅದರಲ್ಲಿ ದಾಟಿಸುವ ತೋಳುಗಳು ಸುರುಳಿ ಮೆಟ್ಟಿಲಿನಂತೆ ಒಂದರ ಮೇಲೊಂದು ಸ್ವಲ್ಪ ತಿರುಗಿ ನಿಂತಿವೆ. ಕೆಳಗಿನಿಂದ ಒಂದೊಂದೇ ಮನೆಯನ್ನು ಸರದಿಯಲ್ಲಿ ಮುಟ್ಟುತ್ತವೆ. ಸರಿ, ಆದರೆ ನಿಧಾನ. ಮುಂದಿನ ಅನಲಿಟಿಕಲ್ ಎಂಜಿನ್ನಿಗೆ ಅವನು ಬೇರೆಯೇ ಯೋಚಿಸಿದ. ಯಾವ ಯಾವ ಮನೆಯಲ್ಲಿ ಒಂಬತ್ತು ಕೂತಿದೆ ಎಂದು ಯಂತ್ರ ಮೊದಲೇ ನೋಡಿಕೊಂಡರೆ, ಒಂಬತ್ತುಗಳ ಸಾಲಿಗೆ ಬಂದ ‘ಒಂದು’ ನಡುವೆ ತಂಗದೆ ಒಂದೇ ಏಟಿಗೆ ಆಚೆ ದಾಟಬಹುದು. ಮುಂದಾಗಿ ನೋಡುವ ದಾಟು ಅದು. ಆದೇಶ ಕೊಡಲು ಜಕಾರ್ಡ್ ಮಗ್ಗದ ತೂತಿನ ಕಾರ್ಡುಗಳನ್ನೇ ತೆಗೆದುಕೊಂಡ. ಕೊಪ್ಪಳದ ನೇಕಾರರಿಗೆ ಜಕಾರ್ಡ್ ಹೊಸ ಮಾತಲ್ಲ. ಆ ಎಂಜಿನ್ನನ್ನು ಅವನ ಕಾಲದಲ್ಲಿ ಕಟ್ಟಲಾಗಲಿಲ್ಲ.

1890ರಲ್ಲಿ ಅಮೆರಿಕದ ಜನಗಣತಿಗೆ ಹಾಲರಿತ್ ಬಳಸಿದ್ದೂ ತೂತಿನ ಕಾರ್ಡು. ಸೂಜಿ ತೂತಿನಲ್ಲಿಳಿದು ಪಾದರಸ ಮುಟ್ಟಿದರೆ ವಿದ್ಯುತ್ ಹರಿದು ಮುಳ್ಳು ಒಂದು ಮನೆ ಸರಿಯುತ್ತಿತ್ತು.

1946ರ ಅಮೆರಿಕದ ಎನಿಯಾಕ್ ಕಂಪ್ಯೂಟರ್ 17,468 ವಾಲ್ವುಗಳ (ಗಾಜಿನ ಎಲೆಕ್ಟ್ರಾನಿಕ್ ಕೊಳವೆಗಳ), 30 ಟನ್ ಯಂತ್ರ. ಆದರೂ ಒಳಗೆ ಅದು ಪಾಸ್ಕಲನ ಪೆಟ್ಟಿಗೆಯ ಮೊಮ್ಮಗಳೇ. ಹಲ್ಲಿನ ಚಕ್ರದ ಜಾಗದಲ್ಲಿ ವಾಲ್ವುಗಳ ಹತ್ತು ಮನೆಯ ಬಳೆ, ಅಂಕಿ ಏಳಾದರೆ ಏಳು ನಾಡಿ, ಅಂದರೆ ವಿದ್ಯುತ್ತಿನ ಏಳು ಮಿಡಿತ. ಕೂಡುವಾಗ ಒಂಬತ್ತು ದಾಟಿದ ಮನೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಅಂಕಿಗಳೆಲ್ಲ ಸೇರಿದ ಮೇಲೆ ‘ಒಂದು’ ದಾಟುತ್ತದೆ. ಎಲ್ಲ ಸೇರಿ ಸೆಕೆಂಡಿಗೆ 5,000 ಸಂಕಲನ. ಕಳೆಯುವುದು? ಒಂಬತ್ತರ ಜೋಡಿಯ ನಾಡಿ ಕಳಿಸಿ, ಬಿಡಿಯ ಮನೆಗೆ ಒಂದು ನಾಡಿ ಹೆಚ್ಚಿಗೆ ಕೊಡುವುದು. ಪಾಸ್ಕಲನ ಉಪಾಯದ ಇನ್ನೊಂದು ರೂಪ. ವಾಲ್ವುಗಳು ಹೆಚ್ಚಾಗಿ ಸುಡುತ್ತಿದ್ದುದು ಆರಿಸಿ ಹೊತ್ತಿಸುವಾಗಿನ ಬಿಸಿ-ತಂಪಿನ ಏಟಿಗೆ. ಅದಕ್ಕೇ ಆರಿಸದೆ ಬಿಡುತ್ತಿದ್ದರು.

ಹತ್ತು ಮನೆಯ ಬಳೆ ದುಬಾರಿ. ಬರ್ಲಿನ್ನಿನ ಕೊನ್ರಾಡ್ ಝೂಸೆ 1941ರಲ್ಲೇ ರಿಲೇಗಳಿಂದ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್ಚುಗಳಿಂದ) ಎರಡರ ಲೆಕ್ಕದ, ಅಂದರೆ 0 ಮತ್ತು 1 ಮಾತ್ರ ಇರುವ ಬೈನರಿ ಲೆಕ್ಕದ, ಯಂತ್ರ ಕಟ್ಟಿದ್ದ. ಮುಂಬೈಯಲ್ಲಿ 1960ರಲ್ಲಿ ಪೂರ್ತಿಯಾದ ಟಿಫ್ರಾಕ್ ಕಂಪ್ಯೂಟರ್ ಕೂಡ ಎರಡರದೇ. ಎರಡರ ಲೆಕ್ಕ ಕಷ್ಟ ಎನ್ನುವವರು ಹಳೆಯ ನಾಣ್ಯಗಳನ್ನು ನೆನೆಸಿಕೊಳ್ಳಿ: ಒಂದಾಣೆ, ಎರಡಾಣೆ, ನಾಲ್ಕಾಣೆ, ಎಂಟಾಣೆ. ನಾಲ್ಕೂ ಒಂದೊಂದೇ ಇದ್ದರೆ 1ರಿಂದ 15 ಆಣೆಯವರೆಗೆ ಯಾವ ಮೊತ್ತವನ್ನೂ ಕೊಡಬಹುದು. ನಾಣ್ಯ ಇದ್ದರೆ 1, ಇಲ್ಲದಿದ್ದರೆ 0 ಎಂದು ಬರೆದರೆ 11 ಆಣೆ 1011, 7 ಆಣೆ 0111.

ಈಗ ಎರಡನ್ನೂ ಒಂದೇ ಚೀಲಕ್ಕೆ ಹಾಕಿ. ಒಂದಾಣೆ ಎರಡಿವೆ: ಕೊಟ್ಟು ಒಂದು ಎರಡಾಣೆ ತನ್ನಿ. ಎರಡಾಣೆ ಮೂರಾದವು: ಒಂದನ್ನು ಇಟ್ಟುಕೊಂಡು ಎರಡನ್ನು ಕೊಟ್ಟು ನಾಲ್ಕಾಣೆ. ನಾಲ್ಕಾಣೆ ಎರಡು: ಕೊಟ್ಟು ಎಂಟಾಣೆ. ಎಂಟಾಣೆ ಎರಡು: ಕೊಟ್ಟು ಒಂದು ರೂಪಾಯಿ. ಉಳಿದದ್ದು 1 ರೂಪಾಯಿ 2 ಆಣೆ, ಬರೆದರೆ 10010. ಪ್ರತಿ ಮನೆಯಲ್ಲೂ ನಿಯಮ ಅದೇ: ನಾಣ್ಯ ಬೆಸವಾದರೆ ಒಂದು ಉಳಿಯುತ್ತದೆ, ಎರಡು ಅಥವಾ ಮೂರಾದರೆ ಒಂದು ಮುಂದಕ್ಕೆ ಹೋಗುತ್ತದೆ. ಇಷ್ಟನ್ನು ಮಾಡಲು ಕೆಲವೇ ಗೇಟುಗಳು (0, 1 ನೋಡಿ 0 ಅಥವಾ 1 ಕೊಡುವ ಪುಟ್ಟ ವಿದ್ಯುತ್ ಮಂಡಲಗಳು) ಸಾಕು. ಅಂಥ 64 ಮನೆಗಳನ್ನು ಸಾಲಾಗಿ ಜೋಡಿಸಿದರೆ ಕೊನೆಯದು ಹಿಂದಿನ 63ಕ್ಕೂ ಕಾಯಬೇಕು, ಸುಣ್ಣದ ಬುಟ್ಟಿ ಕೈಯಿಂದ ಕೈಗೆ ದಾಟಿದಂತೆ. ಅದಕ್ಕೆ ಇಂದಿನ ಪ್ರೊಸೆಸರುಗಳಲ್ಲಿ ಯಾವ ಮನೆ ದಾಟನ್ನು ಹುಟ್ಟಿಸುತ್ತದೆ, ಯಾವುದು ಬಂದದ್ದನ್ನು ಹಾಗೇ ಬಿಡುತ್ತದೆ ಎಂದು ಗುಂಪು ಗುಂಪಾಗಿ ಮೊದಲೇ ಲೆಕ್ಕ ಹಾಕುತ್ತಾರೆ. ಬ್ಯಾಬೇಜ್ ಹಿತ್ತಾಳೆಯಲ್ಲಿ ಬಯಸಿದ ಮುಂದಾಗಿ ನೋಡುವ ದಾಟು ಇದೇ, ಈಗ ಸಿಲಿಕಾನಿನಲ್ಲಿ.