ಸೈಲೊಸಿಬಿನ್‌ ಪಕ್ಕದ ಅಲ್ಪಾಂಶದ ಸಂಯುಕ್ತಗಳಿಗೆ ಎಷ್ಟು ಕಸುವು?

ಭ್ರಾಮಕ ಅಣಬೆಯ ಗುಣವೆಲ್ಲ ಅದರ ಮುಖ್ಯ ಭ್ರಾಮಕ ವಸ್ತುವಾದ ಸೈಲೊಸಿಬಿನ್‌ದಲ್ಲ, ಜೊತೆಗಿರುವ ಅಲ್ಪಾಂಶದ ಸಂಯುಕ್ತಗಳೂ ಅನುಭವದ ಬಣ್ಣ ಬದಲಿಸುತ್ತವೆ ಎಂಬ ವಾದ ಈಚೆಗೆ ಜೋರಾಗಿದೆ. ಕೇಳಲು ಚೆಂದ. ಆದರೆ ಅಣುಗಳ ಲೆಕ್ಕ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಅಣಬೆಯ ಸಾರವನ್ನು ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಹಾಯಿಸಿದರೆ 257, 271, 285 ಎಂದು ಹದಿನಾಲ್ಕರ ಅಂತರದಲ್ಲಿ ಮೆಟ್ಟಿಲಿಟ್ಟಂತೆ ಗೆರೆಗಳು ಏಳುತ್ತವೆ. ಒಂದು ಮೆಟ್ಟಿಲಿಗೆ ಒಂದು ಮೀಥೈಲ್ ಗುಂಪು: ನಾರ್‌ಬಯೋಸಿಸ್ಟಿನ್‌ನಲ್ಲಿ ಸೊನ್ನೆ, ಬಯೋಸಿಸ್ಟಿನ್‌ನಲ್ಲಿ ಒಂದು, ಸೈಲೊಸಿಬಿನ್‌ನಲ್ಲಿ ಎರಡು. ಅಣಬೆಯ ಕಿಣ್ವವೊಂದು ಇವನ್ನು ಒಂದೊಂದಾಗಿಯೇ ಅಂಟಿಸುವುದರಿಂದ, ಬಯೋಸಿಸ್ಟಿನ್ ಎಂದರೆ ಅರ್ಧಕ್ಕೆ ನಿಂತ ಸೈಲೊಸಿಬಿನ್. ಇಲ್ಲೊಂದು ಬಲೆಯಿದೆ. ಯಂತ್ರದೊಳಗೇ ಸೈಲೊಸಿಬಿನ್ ಫಾಸ್ಫೇಟ್ ಕಳಚಿಕೊಂಡು 205ರಲ್ಲೂ ಕಾಣಿಸುತ್ತದೆ. ಅದು ಸೈಲೊಸಿನ್‌ನ, ಅಂದರೆ ದೇಹದಲ್ಲೂ ಫಾಸ್ಫೇಟ್ ಕಳಚಿದಾಗ ಸೈಲೊಸಿಬಿನ್ ತಳೆಯುವ ಸಕ್ರಿಯ ರೂಪದ, ಜಾಗ. ಸಂಯುಕ್ತಗಳನ್ನು ಬೇರ್ಪಡಿಸುವ ಕಾಲಮ್‌ನಿಂದ ಹೊರಬಂದ ಸಮಯ ನೋಡದೆ ವರದಿ ಬರೆದರೆ ಇಲ್ಲದ ಸೈಲೊಸಿನ್ ಹುಟ್ಟುತ್ತದೆ.

ದೇಹದಲ್ಲಿ ಫಾಸ್ಫೇಟ್ ಕಳೆದುಕೊಂಡ ಬಯೋಸಿಸ್ಟಿನ್ ನಾರ್‌ಸೈಲೊಸಿನ್ ಆಗುತ್ತದೆ. ಗಾಜಿನ ತಟ್ಟೆಯ ಜೀವಕೋಶಗಳಲ್ಲಿ ಇದು ಸೈಲೊಸಿನ್‌ನಂತೆಯೇ ಭ್ರಮೆಗೆ ದಾರಿಯಾದ ಸೆರೊಟೊನಿನ್ 2ಎ ಗ್ರಾಹಕವನ್ನು ಕೆರಳಿಸುತ್ತದೆ. ಆದರೂ ಬಯೋಸಿಸ್ಟಿನ್ ಕೊಟ್ಟ ಇಲಿಗಳು ತಲೆ ಕೊಡವಲಿಲ್ಲ; ಹಾಗೆ ಕೊಡವುವುದೇ ಇಲಿಗಳಲ್ಲಿ ಭ್ರಾಮಕ ಪರಿಣಾಮದ ಗುರುತು. ಸೈಲೊಸಿಬಿನ್ ಕೊಟ್ಟವು ಕೊಡವಿದವು. ಒಂದೇ ಮೀಥೈಲ್‌ ಇರುವ ಅಮೈನನ್ನು ಮಾನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಬೇಗ ಅರಗಿಸಿಬಿಡುತ್ತದೆ, ರಕ್ತಕ್ಕೂ ಮಿದುಳಿಗೂ ನಡುವಿನ ಬೇಲಿ ದಾಟುವಷ್ಟು ಉಳಿಯುವುದಿಲ್ಲ ಎಂಬುದು ಒಪ್ಪತಕ್ಕ ವಿವರಣೆ.

ಹಾಗಾದರೆ ಆ ಕಿಣ್ವವನ್ನೇ ತಡೆದರೆ? 2020ರಲ್ಲಿ ಜರ್ಮನಿಯ ಯೇನಾದ ತಂಡ ಈ ಅಣಬೆಗಳಲ್ಲಿ ಹಾರ್ಮೇನ್, ಹಾರ್ಮಿನ್‌ನಂಥ ಬೀಟಾ-ಕಾರ್ಬೊಲಿನ್‌ಗಳನ್ನು ಗುರುತಿಸಿದಾಗ ಎಲ್ಲರ ಕಿವಿ ನೆಟ್ಟಗಾಯಿತು, ಏಕೆಂದರೆ ಅವು ತಡೆಯುವುದು ಅದನ್ನೇ. ಆದರೆ ಸಿಕ್ಕಿದ್ದು ಮೈಕ್ರೊಗ್ರಾಂ ಲೆಕ್ಕದಲ್ಲಿ. ದಕ್ಷಿಣ ಅಮೆರಿಕದ ಭ್ರಾಮಕ ಕಷಾಯವಾದ ಆಯವಾಸ್ಕಾದಲ್ಲಿ ಇವು ಹತ್ತಾರು ಮಿಲಿಗ್ರಾಂ ಇರುತ್ತವೆ. ನನಗಂತೂ ನಂಬಿಕೆ ಹುಟ್ಟಿಲ್ಲ.

ಮೂರು ಮೀಥೈಲ್‌ಗಳ ಎರುಜಿನಾಸಿನ್ ಕೆಲವೇ ಪ್ರಭೇದಗಳಲ್ಲಿದೆ. ಇನೊಸೈಬಿ ಎರುಜಿನಾಸೆನ್ಸ್ ಎಂಬ ಅಂಥ ಅಣಬೆಯನ್ನು ತಿಳಿಯದೆ ತಿಂದವರು ಹರ್ಷದಲ್ಲೇ ಇದ್ದರೆಂದು ಜರ್ಮನಿಯ ಅಣಬೆ ಸಂಶೋಧಕ ಯೋಹೆನ್ ಗಾರ್ಟ್ಸ್ ಬರೆದಿದ್ದರು. ಆದರೆ ಅದರಲ್ಲಿ ಸೈಲೊಸಿಬಿನ್ ಕೂಡ ಇದೆ, ಮೇಲಾಗಿ ಎರುಜಿನಾಸಿನ್‌ಗೆ ಅಂಟಿದ ಶಾಶ್ವತ ಧನ ವಿದ್ಯುದಂಶ ಮಿದುಳಿನ ಬೇಲಿಗೆ ಒಗ್ಗುವಂಥದ್ದಲ್ಲ.

ಎರಡು ಅಣಬೆಗಳ ಪರಿಣಾಮ ಹೋಲಿಸುವವರು ಮೊದಲು ಸೈಲೊಸಿಬಿನ್ ಪ್ರಮಾಣವನ್ನು 0.72ರಿಂದ (ಫಾಸ್ಫೇಟ್ ಕಳೆದರೆ ಉಳಿಯುವ ತೂಕದ ಪಾಲು) ಗುಣಿಸಿ ಸೈಲೊಸಿನ್‌ಗೆ ಕೂಡಿಸಲಿ. ಹಸಿಯಾಗಿ ಅರೆದ ಮಾದರಿಯಲ್ಲಿ ಫಾಸ್ಫಟೇಸ್ ಕಿಣ್ವ ಸೈಲೊಸಿಬಿನ್ ಕಡಿದು, ಲ್ಯಾಕೇಸ್ ಕಿಣ್ವ ಸೈಲೊಸಿನ್ ಅನ್ನು ನೀಲಿಯಾಗಿಸಿರುತ್ತದೆ. ಆ ನೀಲಿ, ಕಳೆದುಹೋದ ಔಷಧ. ಮೊತ್ತ ಸರಿಗಟ್ಟದೆ ಮಾಡಿದ ಹೋಲಿಕೆಯಲ್ಲಿ ಅಲ್ಪಾಂಶದ ಸಂಯುಕ್ತಗಳ ಹೆಸರಿಗೆ ಬೀಳುವುದು ಬಹುಪಾಲು ಬರಿಯ ಪ್ರಮಾಣದ ವ್ಯತ್ಯಾಸವೇ.