ಬ್ಯಾಡ್ಜ್ ಕಿತ್ತ ಮೇಲೆ ಉಳಿಯುವ ತೂತು: ತಗಡು ಕೆಲಸದ ಟಿಪ್ಪಣಿ

ಕಾರಿನಿಂದ ಹಳೆಯ ಏರಿಯಲ್, ಬ್ಯಾಡ್ಜ್, ಬಾಗಿಲ ಪಕ್ಕದ ಅಲಂಕಾರದ ಪಟ್ಟಿ, ಸ್ಪಾಯ್ಲರ್ ಏನನ್ನೇ ತೆಗೆದರೂ ತಗಡಿನಲ್ಲಿ ತೂತು ಉಳಿಯುತ್ತದೆ. ನೋಡೋಕೆ ಚಿಕ್ಕ ಕೆಲಸ. ಆದರೆ ಬಾಡಿ ರಿಪೇರಿ ಕಲಿಯುವವರು ಎಡವುವುದು ಇಂಥ ಕಡೆಯೇ. ತೂತಿಗೆ ಎರಡು ಮುಖ ಇದೆ, ನಮ್ಮ ಕಣ್ಣು ಬೀಳುವುದು ಒಂದರ ಮೇಲೆ ಮಾತ್ರ. ಹೊರಗಡೆ ಚೆಂದ ಮಾಡಿ ಬಿಟ್ಟ ಕೆಲಸ ಕೆಡುವುದು ಒಳಗಡೆಯಿಂದ. ಕೆಳಗೆ ಬರೆದಿರುವ ಪ್ರತಿ ವಿಧಾನವನ್ನೂ ಹಿಂಭಾಗಕ್ಕೆ ಏನಾಗುತ್ತದೆ ಅಂತ ಕೇಳಿಕೊಂಡೇ ಓದಿ.

ಮೊದಲು ತಗಡು ಯಾವುದು ನೋಡಿ

ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್. ಎಷ್ಟೋ ಕಾರುಗಳ ಬಾನೆಟ್ ಅಲ್ಯೂಮಿನಿಯಂದು. ಅದರ ವೆಲ್ಡಿಂಗ್ ಬೇರೆಯೇ ವಿದ್ಯೆ, ಈ ಟಿಪ್ಪಣಿ ಅದಕ್ಕಲ್ಲ. ಇಲ್ಲಿ ಹೇಳುತ್ತಿರುವುದು ಉಕ್ಕಿನ ಹೊರ ತಗಡಿನ ಬಗ್ಗೆ. ಈಗಿನ ಕಾರುಗಳಲ್ಲಿ ಅದು ಸಾಮಾನ್ಯವಾಗಿ 0.7 ರಿಂದ 0.8 ಮಿ.ಮೀ. ದಪ್ಪ ಇರುತ್ತದೆ. ಹಳೆಯ ಕಾರುಗಳಲ್ಲಿ ಸ್ವಲ್ಪ ಜಾಸ್ತಿ. ಇಷ್ಟು ತೆಳು ಅನ್ನುವುದು ನೆನಪಿದ್ದರೆ ಮುಂದಿನ ಅರ್ಧ ವಿಷಯ ತಾನಾಗಿ ಅರ್ಥವಾಗುತ್ತದೆ.

ಬಾಗಿಲ ನಡುವಿನ ಕಂಬಗಳು, ಚಾವಣಿಯ ಅಂಚಿನ ತೊಲೆ ಇಂಥ ಕಡೆ ಇರುವುದು ಅತಿ ಗಟ್ಟಿ ಉಕ್ಕು. ಅದಕ್ಕೆ ಬಿಸಿ ತಾಗಿದರೆ ಗಟ್ಟಿತನ ಹೋಗುತ್ತದೆ. ಅಪಘಾತದಲ್ಲಿ ಒಳಗಿನವರನ್ನು ಕಾಯುವ ಭಾಗ ಅದು. ತಯಾರಕರ ರಿಪೇರಿ ಪುಸ್ತಕ ಒಪ್ಪದೆ ಅಲ್ಲಿ ವೆಲ್ಡಿಂಗ್ ಬೇಡ.

ಇನ್ನೊಂದು ಮಾತು. ತೂತು ಕಂಡ ತಕ್ಷಣ ಮುಚ್ಚುವ ಉತ್ಸಾಹ ಬೇಡ. ಬಾಗಿಲ ಕೆಳ ಅಂಚು, ಡಿಕ್ಕಿ ಮುಚ್ಚಳದ ಕೆಳ ಅಂಚು, ಸಿಲ್‌ನ (ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಯಂಥ ಭಾಗದ) ತಳ, ಇಲ್ಲೆಲ್ಲ ಇರುವ ತೂತುಗಳು ನೀರು ಹರಿದುಹೋಗಲಿ ಅಂತ ಕಾರ್ಖಾನೆಯವರೇ ಇಟ್ಟವು. ಕಿಟಕಿ ಗಾಜಿನ ಪಕ್ಕದಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ಹೊರಗೆ ಹೋಗಲೇಬೇಕು. ಅದನ್ನು ಮುಚ್ಚಿದರೆ ಬಾಗಿಲು ಒಳಗಿಂದ ಕೊಳೆಯುತ್ತದೆ.

ಬರೀ ಪುಟ್ಟಿ ಯಾಕೆ ಆಗಲ್ಲ

ಎಲ್ಲರೂ ಕೇಳುವ ಪ್ರಶ್ನೆ ಇದು. ತೂತು 4 ಮಿ.ಮೀ. ಅಷ್ಟೇ, ಪುಟ್ಟಿ ಮೆತ್ತಿ ಉಜ್ಜಿ ಪೇಂಟ್ ಹೊಡೆದರೆ ಸಾಲದೇ? ಮೊದಲ ದಿನ ಸಾಕು. ಆಮೇಲೆ ಇಲ್ಲ.

ಕಾರಣ ಎರಡು. ಪಾಲಿಯೆಸ್ಟರ್ ಪುಟ್ಟಿಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಒಣ ಮಣ್ಣಿನ ಹೆಂಟೆಯ ಹಾಗೆ ಅದು ತೇವ ಹೀರುತ್ತದೆ. ಹೊರಗಡೆ ಪೇಂಟ್ ಇರುವುದರಿಂದ ಅಲ್ಲಿ ಪರವಾಗಿಲ್ಲ. ಒಳಗಡೆ ಏನೂ ಇಲ್ಲ. ತೇವ ಹಿಂದಿನಿಂದ ಹತ್ತಿ ತೂತಿನ ಅಂಚಿನ ಬರಿ ಉಕ್ಕನ್ನು ಮುಟ್ಟುತ್ತದೆ, ಅಂಚು ತುಕ್ಕು ಹಿಡಿಯುತ್ತದೆ. ತುಕ್ಕು ಉಕ್ಕಿಗಿಂತ ಹೆಚ್ಚು ಜಾಗ ತಿನ್ನುತ್ತದೆ, ಹಾಗಾಗಿ ಪುಟ್ಟಿಯನ್ನು ಹೊರಕ್ಕೆ ತಳ್ಳುತ್ತದೆ. ಪೇಂಟ್ ಮೇಲೆ ಮೊದಲು ಒಂದು ಸಣ್ಣ ಉಂಗುರ ಕಾಣುತ್ತದೆ, ಆಮೇಲೆ ಗುಳ್ಳೆ. ಎರಡನೇ ಕಾರಣ ಅದುರುವಿಕೆ. ಬಾಗಿಲು ಬಡಿದಾಗ, ರಸ್ತೆಯಲ್ಲಿ ಓಡುವಾಗ ತಗಡು ಬಾಗುತ್ತದೆ. ಪುಟ್ಟಿ ಬಾಗುವುದಿಲ್ಲ. ತೂತಿನ ಅಂಚು 0.8 ಮಿ.ಮೀ. ಅಂದಮೇಲೆ ಪುಟ್ಟಿಗೆ ಹಿಡಿದುಕೊಳ್ಳಲು ಜಾಗವಾದರೂ ಎಲ್ಲಿದೆ?

ಹಿಂದಿನಿಂದ ಜಾಲರಿ ಅಂಟಿಸಿ, ಮೇಲೆ ಪುಟ್ಟಿ ಹಾಕುವ ಅಭ್ಯಾಸವೂ ಇದೆ. ಸಾಮಾನ್ಯ ಪುಟ್ಟಿಯ ಬದಲು ಫೈಬರ್‌ಗ್ಲಾಸ್ ಎಳೆ ಇರುವ ಪುಟ್ಟಿ ಬಳಸಿದರೆ ನೀರಿನ ಕಾಟ ಬಹಳ ಕಡಿಮೆ. ಆದರೂ ಇದನ್ನು ತಾತ್ಕಾಲಿಕ ಅಂತಲೇ ಲೆಕ್ಕ ಹಾಕಿ.

ವೆಲ್ಡಿಂಗ್: ಸಣ್ಣ ತೂತು

ಸುಮಾರು 6 ಮಿ.ಮೀ. ಒಳಗಿನ ತೂತನ್ನು ಮಿಗ್ ವೆಲ್ಡಿಂಗ್‌ನಿಂದ (ಗನ್‌ನಿಂದ ತಾನಾಗಿ ಬರುವ ತಂತಿ ಗ್ಯಾಸಿನ ಮರೆಯಲ್ಲಿ ಕರಗಿ ಬೆಸೆಯುವ ವಿಧಾನ) ನೇರವಾಗಿ ತುಂಬಬಹುದು. ತಂತಿ 0.6 ಮಿ.ಮೀ. ಇರಲಿ. 0.8 ತಂತಿಯಲ್ಲೂ ಆಗುತ್ತದೆ, ಆದರೆ ಬಿಸಿ ಜಾಸ್ತಿ ಬೇಕಾಗುವುದರಿಂದ ಕಲಿಯುವವರಿಗೆ ಕಷ್ಟ. ಗ್ಯಾಸ್ ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರಕೆಯದಾದರೆ ಒಳ್ಳೆಯದು. ಬರೀ ಕಾರ್ಬನ್ ಡೈಆಕ್ಸೈಡ್ ಆದರೆ ಕಿಡಿ ಸಿಡಿಯುವುದೂ ಜಾಸ್ತಿ, ತಗಡು ಸುಟ್ಟು ತೂತು ದೊಡ್ಡದಾಗುವುದೂ ಜಾಸ್ತಿ.

ತೂತಿನ ಸುತ್ತ ಎರಡು ಬೆರಳಗಲ ಪೇಂಟ್ ತೆಗೆದು ಹೊಳೆಯುವ ಉಕ್ಕು ಕಾಣಿಸಬೇಕು. ಕೈ ಹೋಗುವ ಹಾಗಿದ್ದರೆ ಹಿಂಭಾಗದಲ್ಲೂ. ಸತುವಿನ ಲೇಪ ಇದ್ದರೆ ಅದನ್ನೂ ತೆಗೆಯಿರಿ. ಬಿಸಿಯಾದ ಸತುವಿನ ಹೊಗೆ ಉಸಿರಿಗೆ ಹೋದರೆ ಕೆಲವು ಗಂಟೆಗಳ ಮೇಲೆ ಚಳಿಜ್ವರ ಬಂದ ಹಾಗಾಗುತ್ತದೆ. ಗಾಳಿ ಆಡುವ ಜಾಗ, ಮುಖಕ್ಕೆ ಸರಿಯಾದ ಮಾಸ್ಕ್ ಎರಡೂ ಬೇಕು. ಮತ್ತೆ, ಗ್ರೀಸ್ ಒರೆಸಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಯಾವತ್ತೂ ಬಳಸಬೇಡಿ. ಅದರ ಆವಿಗೆ ವೆಲ್ಡಿಂಗ್ ಕಿಡಿ ತಾಗಿದರೆ ಫಾಸ್ಜೀನ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಇದು ಹೆದರಿಸುವ ಮಾತಲ್ಲ, ಡಬ್ಬಿಯ ಮೇಲೆ ಏನು ಬರೆದಿದೆ ಅಂತ ಓದಿಯೇ ಬಳಸಿ.

ಹಿಂದೆ ಒಂದು ತಾಮ್ರದ ತುಂಡನ್ನು ಒತ್ತಿ ಹಿಡಿಯಬೇಕು. ತಾಮ್ರದ ಪೈಪ್ ಚಪ್ಪಟೆ ಮಾಡಿಕೊಂಡರೂ ನಡೆಯುತ್ತದೆ. ಕರಗಿದ ಉಕ್ಕು ತಾಮ್ರಕ್ಕೆ ಅಂಟುವುದಿಲ್ಲ, ಜೊತೆಗೆ ತಾಮ್ರ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಅಂದರೆ ಕರಗಿದ ಉಕ್ಕಿಗೆ ಅದು ತಳವೂ ಹೌದು, ತಂಪು ಮಾಡುವ ಸಾಧನವೂ ಹೌದು.

ಈಗ ಗನ್‌ನ ಟ್ರಿಗರ್. ಕಿಡಿಯನ್ನು ತೂತಿನ ನಡುವೆ ಹೊತ್ತಿಸಬೇಡಿ, ಅಂಚಿನಲ್ಲಿ ಹೊತ್ತಿಸಿ. ಒಂದು ಸೆಕೆಂಡಿಗೂ ಕಡಿಮೆ ಹೊತ್ತು ಒತ್ತಿ ಬಿಡಿ. ಹೆಲ್ಮೆಟ್ ಗಾಜಿನ ಹಿಂದಿನಿಂದಲೇ ನೋಡುತ್ತಿರಿ: ಹನಿ ಬೆಳ್ಳಗೆ ಹೊಳೆಯುತ್ತದೆ, ಕಿತ್ತಳೆಗೆ ಇಳಿಯುತ್ತದೆ, ಆಮೇಲೆ ಕೆಂಪು ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಮಾಯವಾಗುತ್ತದೆ. ಕೆಂಪು ಪೂರ್ತಿ ಹೋದ ಮೇಲೆ ಎದುರಿನ ಅಂಚಿನಲ್ಲಿ ಇನ್ನೊಂದು ಹನಿ. ಹೀಗೆ ಅಂಚಿನಿಂದ ನಡುವಿಗೆ ಬಂದು ತೂತು ಮುಚ್ಚುತ್ತದೆ. ಒಂದೇ ಸಲ ಉದ್ದಕ್ಕೆ ಒತ್ತಿ ತುಂಬಿಸಲು ಹೋದರೆ ಅಂಚು ಕರಗಿ, 4 ಮಿ.ಮೀ. ತೂತು 8 ಆಗುತ್ತದೆ.

ತಗಡು ಯಾಕೆ ಸೊಟ್ಟಗಾಗುತ್ತದೆ

ಇದನ್ನು ಬಾಯಿಪಾಠ ಮಾಡಬೇಡಿ, ಅರ್ಥ ಮಾಡಿಕೊಳ್ಳಿ. ಬಿಸಿಯಾದ ಚುಕ್ಕೆ ಹಿಗ್ಗಬೇಕು. ಸುತ್ತಲಿನ ತಣ್ಣನೆಯ ತಗಡು ಬಿಡುವುದಿಲ್ಲ. ಆಗ ಮೆತ್ತಗಾದ ಆ ಚುಕ್ಕೆ ಅಗಲಕ್ಕೆ ಹೋಗಲಾಗದೆ ದಪ್ಪಕ್ಕೆ ಉಬ್ಬುತ್ತದೆ. ತಣ್ಣಗಾಗುವಾಗ ಕುಗ್ಗುತ್ತದಲ್ಲ, ಆಗ ಮೊದಲಿದ್ದ ಅಗಲಕ್ಕಿಂತ ಚಿಕ್ಕದಾಗುತ್ತದೆ. ಸುತ್ತಲಿನ ತಗಡನ್ನು ತನ್ನ ಕಡೆಗೆ ಎಳೆಯುತ್ತದೆ. ಒಟ್ಟಿನಲ್ಲಿ ವೆಲ್ಡ್ ಆದ ಜಾಗ ಯಾವಾಗಲೂ ಕುಗ್ಗಿದ ಜಾಗ.

ಹಾಗಾದರೆ ಪರಿಹಾರ ಏನು? ಅದನ್ನು ಮತ್ತೆ ಹಿಗ್ಗಿಸಬೇಕು. ಹಿಂದೆ ಡಾಲಿ (ಕೈಯಲ್ಲಿ ಒತ್ತಿ ಹಿಡಿಯುವ ಗಟ್ಟಿ ಉಕ್ಕಿನ ತುಂಡು) ಇಟ್ಟು, ಮುಂದೆ ವೆಲ್ಡ್ ಹನಿಯ ಮೇಲೇ ಸುತ್ತಿಗೆಯಿಂದ ಹಗುರವಾಗಿ ಹೊಡೆದರೆ ಉಬ್ಬಿದ ದಪ್ಪ ಮತ್ತೆ ಅಗಲವಾಗುತ್ತದೆ. ಹೊಡೆತ ವೆಲ್ಡ್ ಮೇಲೆ ಮಾತ್ರ ಬೀಳಬೇಕು, ಪಕ್ಕದ ತಗಡಿನ ಮೇಲಲ್ಲ. ಪಕ್ಕದಲ್ಲಿ ಹೊಡೆದರೆ ಅದೂ ಹಿಗ್ಗಿ ಇನ್ನೊಂದು ಉಬ್ಬು ಬರುತ್ತದೆ. ಒದ್ದೆ ಬಟ್ಟೆ ಒತ್ತಿ ತಕ್ಷಣ ತಣ್ಣಗೆ ಮಾಡುವುದು ಕುಗ್ಗಿಸುವ ಉಪಾಯ. ಹಿಗ್ಗಿದ ತಗಡಿಗೆ ಅದು ಸರಿ, ಇಲ್ಲಿ ಬೇಡ. ಬೆರಳು ತಾಳುವಷ್ಟು ತಾನಾಗಿ ಆರಲಿ.

ಎಲ್ಲಿ ಜಾಸ್ತಿ ಸೊಟ್ಟಗಾಗುತ್ತದೆ? ಚಾವಣಿ, ಬಾನೆಟ್‌ನ ನಡುಭಾಗ, ಬಾಗಿಲಿನ ಚಪ್ಪಟೆ ಭಾಗ. ಮಡಿಕೆ, ಅಂಚು, ಗಟ್ಟಿ ತಿರುವುಗಳ ಹತ್ತಿರ ತಗಡಿಗೆ ತನ್ನದೇ ಬಿಗಿ ಇರುತ್ತದೆ, ಅಲ್ಲಿ ಅಷ್ಟು ಕಾಟವಿಲ್ಲ. ಚಾವಣಿಯ ನಡುವಿನ ಏರಿಯಲ್ ತೂತನ್ನು ಮೊದಲ ವೆಲ್ಡಿಂಗ್ ಪಾಠಕ್ಕೆ ಆರಿಸಿಕೊಳ್ಳಬೇಡಿ. ಹಾಳು ತಗಡು ತಂದು ಅದೇ ಅಳತೆಯ ತೂತು ಕೊರೆದು ಅಭ್ಯಾಸ ಮಾಡಿ.

ದೊಡ್ಡ ತೂತು

ಹನಿ ಹನಿಯಾಗಿ 20 ಮಿ.ಮೀ. ತೂತು ತುಂಬುವುದು ಹುಚ್ಚು ಕೆಲಸ. ಅಷ್ಟೂ ಬಿಸಿ ಒಂದೇ ಕಡೆ ಸೇರುತ್ತದೆ. ಅದೇ ದಪ್ಪದ ತಗಡಿನಿಂದ ಒಂದು ಬಿಲ್ಲೆ ಕತ್ತರಿಸಿ. ಸುತ್ತ ತಂತಿಯ ದಪ್ಪದಷ್ಟು ಸಂದು ಬಿಡಿ. ಸುತ್ತಮುತ್ತಲಿನ ತಗಡು ಬಾಗಿದ್ದರೆ ಬಿಲ್ಲೆಯನ್ನೂ ಮೊದಲೇ ಅದೇ ಬಾಗಿಗೆ ತನ್ನಿ. ಬಿಲ್ಲೆ ಹಿಡಿದುಕೊಳ್ಳಲು ಅದರ ನಡುವೆ ಒಂದು ತಂತಿ ಕಡ್ಡಿ ಅಂಟಿಸಿಕೊಂಡರೆ ಅನುಕೂಲ, ಆಮೇಲೆ ಕಡ್ಡಿ ಕತ್ತರಿಸಿ ಹಾಕಬಹುದು.

ನಾಲ್ಕು ದಿಕ್ಕಿಗೆ ನಾಲ್ಕು ಚುಕ್ಕೆ. ಮೇಲೆ, ಕೆಳಗೆ, ಎಡ, ಬಲ. ಆಮೇಲೆ ಎರಡು ಚುಕ್ಕೆಗಳ ನಡುವೆ ಇನ್ನೊಂದು. ಹೀಗೆ ಎದುರು ಬದುರು ಹೋಗುತ್ತಾ, ನಡುವೆ ಆರಲು ಬಿಡುತ್ತಾ ಸುತ್ತು ಮುಗಿಸಿ. ಆತುರ ಇದ್ದವರಿಗೆ ಈ ಕೆಲಸ ಒಗ್ಗಲ್ಲ.

ಗ್ರೈಂಡಿಂಗ್ ಮಾಡುವಾಗಲೂ ಬಿಸಿಯ ಮೇಲೆ ಕಣ್ಣಿರಲಿ. ವೆಲ್ಡ್ ಉಬ್ಬನ್ನು ಮಾತ್ರ ತೆಗೆಯಬೇಕು. ತಗಡು ನೀಲಿ ಬಣ್ಣಕ್ಕೆ ತಿರುಗಿದರೆ ಬಿಸಿ ಮೀರಿತು, ತಗಡೂ ತೆಳುವಾಗುತ್ತಿದೆ ಅಂತಲೇ ಅರ್ಥ. ಕೊನೆಗೆ ಒಳಗಡೆ ಒಂದು ದೀಪ ಹಿಡಿದು ಹೊರಗಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಬಂದರೂ ಅಲ್ಲಿ ನೀರು ಬರುತ್ತದೆ. ಮತ್ತೊಂದು ಹನಿ ಹಾಕಿ.

ವೆಲ್ಡಿಂಗ್‌ಗೆ ಮೊದಲು ಮಾಡಬೇಕಾದ ಮಾಮೂಲಿ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಬ್ಯಾಟರಿ ವೈರ್ ಬಿಚ್ಚಿ. ಅರ್ಥ್ ಕ್ಲಾಂಪ್ (ವೆಲ್ಡಿಂಗ್ ಮೆಷಿನ್‌ನ ಇನ್ನೊಂದು ವೈರನ್ನು ತಗಡಿಗೆ ಕಚ್ಚಿಸುವ ಹಿಡಿಕೆ) ವೆಲ್ಡ್ ಮಾಡುವ ಜಾಗದ ಹತ್ತಿರವೇ ಇರಲಿ. ಹಿಂದಿನ ವೈರು, ಸ್ಪಂಜು, ಬಟ್ಟೆ, ಹಳೆಯ ಮೇಣ ಎಲ್ಲ ತೆಗೆಯಿರಿ. ಚಾವಣಿಯ ಅಂಚಿನಲ್ಲಿ ಏರ್‌ಬ್ಯಾಗ್ ಇರಬಹುದು, ಇದ್ದರೆ ತಯಾರಕರ ಕ್ರಮದಂತೆ ಬಿಚ್ಚದೆ ಮುಟ್ಟಬೇಡಿ. ಗಾಜಿನ ಮೇಲೆ ದಪ್ಪ ಹೊದಿಕೆ ಹಾಕಿ, ಕಿಡಿ ಬಿದ್ದರೆ ಗಾಜಿನಲ್ಲಿ ಕುಳಿ ಬೀಳುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಲಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದು ಹೊಗೆ ಬರುತ್ತಿದೆಯೇ ನೋಡಿ.

ವೆಲ್ಡಿಂಗ್ ಬೇಡ ಅನ್ನುವವರಿಗೆ

ರಬ್ಬರ್ ಅಥವಾ ಪ್ಲಾಸ್ಟಿಕ್ ಮುಚ್ಚಳವನ್ನು ಕೀಳಾಗಿ ನೋಡಬೇಡಿ. ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ಸಂದಿಗೆ ನೀರು ಹೋಗದ ಹಾಗೆ ತಡೆಯುವ ಸೀಲರ್ ಜೊತೆ ಮುಚ್ಚಳ ಒತ್ತಿದರೆ ನೀರು ಬರಲ್ಲ. ಕಣ್ಣಿಗೆ ಬೀಳದ ಜಾಗಕ್ಕೆ, ಅಥವಾ ತೆಗೆದ ಭಾಗವನ್ನು ಮುಂದೆ ಮತ್ತೆ ಹಾಕುವ ಯೋಚನೆ ಇದ್ದರೆ, ನನ್ನ ಪ್ರಕಾರ ಇದೇ ಸರಿ.

ಅಂಟಿನ ದಾರಿ ಇನ್ನೊಂದು. ತೂತಿಗಿಂತ ಸುತ್ತಲೂ 20 ಮಿ.ಮೀ. ದೊಡ್ಡದಾದ ತಗಡಿನ ತೇಪೆಯನ್ನು ಹಿಂದಿನಿಂದ ಎರಡು ಭಾಗದ ಎಪಾಕ್ಸಿ ಪ್ಯಾನೆಲ್ ಅಂಟಿನಿಂದ ಕೂರಿಸುವುದು. ಎರಡೂ ಮುಖ ಬರಿ ಉಕ್ಕಾಗಿರಬೇಕು, ಒರಟಾಗಿರಬೇಕು. ಅಂಟು ಗಟ್ಟಿಯಾಗುವವರೆಗೆ ಅಲುಗಾಡಬಾರದು. ಬಿಸಿ ಇಲ್ಲ, ಹಾಗಾಗಿ ತಗಡು ಸೊಟ್ಟಗಾಗಲ್ಲ, ಹಿಂಭಾಗವೂ ಮುಚ್ಚಿಹೋಗುತ್ತದೆ. ಕೊರತೆ ಏನೆಂದರೆ ಬಿಸಿಲಿಗೆ ಅಂಟು ಮತ್ತು ಉಕ್ಕು ಬೇರೆ ಬೇರೆ ಅಳತೆಯಲ್ಲಿ ಹಿಗ್ಗುತ್ತವೆ. ಹೊಳೆಯುವ ಪೇಂಟ್ ಮೇಲೆ ಕೆಲವೊಮ್ಮೆ ತೇಪೆಯ ಗೆರೆ ಮಸುಕಾಗಿ ಕಾಣುತ್ತದೆ.

ಹಳೆಯ ಕಾಲದ ಸೀಸದ ಬೆಸುಗೆಯನ್ನು ಈಗಲೂ ಮಾಡುವವರಿದ್ದಾರೆ. ತವರ, ಸೀಸದ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗಲು ಶುರುವಾಗಿ ಮೇಣದ ಮುದ್ದೆಯಂತೆ ಹರಡಲು ಬರುತ್ತದೆ. ಚೆನ್ನಾಗಿ ಮಾಡಿದರೆ ಬಹಳ ಬಾಳುತ್ತದೆ. ಆದರೆ ಬೆಸುಗೆ ಹಿಡಿಯಲಿ ಅಂತ ಮೊದಲು ಹಚ್ಚುವ ಫ್ಲಕ್ಸ್‌ನ ಆಮ್ಲ ಪೂರ್ತಿ ತೊಳೆಯದಿದ್ದರೆ ಪೇಂಟ್ ಗುಳ್ಳೆ ಏಳುತ್ತದೆ. ಸೀಸದ ಪುಡಿ ವಿಷ, ಆದ್ದರಿಂದ ಮೆಷಿನ್‌ನಲ್ಲಿ ಉಜ್ಜದೆ ಅರದಿಂದ ಕೆರೆಯುತ್ತಾರೆ.

ಮೇಲ್ಮೈ, ಆಮೇಲೆ ಹಿಂಭಾಗ

ತಗಡಿನ ಕೆಲಸ ಸರಿಯಾಗಿದ್ದರೆ ಪುಟ್ಟಿ 1 ಮಿ.ಮೀ. ಸಾಕು. 3 ಮಿ.ಮೀ. ಮೀರಬೇಕಾಗಿ ಬಂದರೆ ಸುತ್ತಿಗೆ, ಡಾಲಿಗೆ ವಾಪಸ್ ಹೋಗಿ. ಪುಟ್ಟಿ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ತೂಕದಲ್ಲಿ ಸುಮಾರು 2 ಶೇಕಡ. ಕಡಿಮೆಯಾದರೆ ಪುಟ್ಟಿ ಮೆತ್ತಗೇ ಉಳಿಯುತ್ತದೆ, ಜಾಸ್ತಿಯಾದರೆ ಅದರ ಬಣ್ಣ ಪೇಂಟ್‌ಗೆ ಹತ್ತುತ್ತದೆ. ಆಮ್ಲ ಇರುವ ಎಚಿಂಗ್ ಪ್ರೈಮರ್ ಮೇಲೆ ಪಾಲಿಯೆಸ್ಟರ್ ಪುಟ್ಟಿ ಹಾಕಬೇಡಿ, ಸರಿಯಾಗಿ ಗಟ್ಟಿಯಾಗಲ್ಲ. ಎಪಾಕ್ಸಿ ಪ್ರೈಮರ್ ಮೇಲೆ ಹಾಕಬಹುದು. 80 ನಂಬರಿನ ಸ್ಯಾಂಡ್ ಪೇಪರಿನಿಂದ ಶುರು ಮಾಡಿ 180, 320 ಅಂತ ಹೋಗಿ. ಕಾಗದವನ್ನು ಬೆರಳಲ್ಲಿ ಹಿಡಿಯದೆ ಗಟ್ಟಿ ಬ್ಲಾಕಿಗೆ ಸುತ್ತಿ. ತೆಳುವಾಗಿ ಕಪ್ಪು ಪುಡಿ ಸವರಿ ಉಜ್ಜಿದರೆ ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ, ಕಣ್ಣಿಗಿಂತ ಅದೇ ನಿಖರ. ಆಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್. ಅದು ಪೇಂಟಿಂಗ್ ಪಾಠದ ವಿಷಯ.

ಹಿಂಭಾಗದಲ್ಲಿ ವೆಲ್ಡಿಂಗ್ ಬಿಸಿಗೆ ಹಳೆಯ ಲೇಪ ಸುಟ್ಟು ಹೋಗಿರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಎಪಾಕ್ಸಿ ಪ್ರೈಮರ್ ಹಚ್ಚಿ, ಕೂಡಿದ ಗೆರೆಗೆ ಸೀಮ್ ಸೀಲರ್ ಎಳೆಯಿರಿ. ಕೈ ಹೋಗದ ಪೊಟರೆಗೆ ಉದ್ದ ನಳಿಗೆಯ ಸ್ಪ್ರೇಯಲ್ಲಿ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಯಬೇಕು. ವ್ಯಾಕ್ಸ್ ಮಾತ್ರ ಹೊರಗಿನ ಪೇಂಟ್ ಮುಗಿದ ಮೇಲೆ. ಮೊದಲೇ ಹೊಡೆದರೆ ಅದರ ಜಿಡ್ಡು ಅಂಚಿನಿಂದ ಹೊರಗೆ ಬಂದು ಪೇಂಟ್ ಕೂರದೆ ಮೀನಿನ ಕಣ್ಣಿನಂಥ ಚುಕ್ಕೆ ಬೀಳುತ್ತವೆ. ಬಾಗಿಲಾದರೆ, ಒಳ ಪ್ಯಾಡ್ ಹಿಂದೆ ಇದ್ದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಲೂ ಮತ್ತೆ ಸರಿಯಾಗಿ ಅಂಟಿಸಿಯೇ ಪ್ಯಾಡ್ ಕೂರಿಸಿ. ಆ ಹಾಳೆ ಸಡಿಲವಾದರೆ ಬಾಗಿಲೊಳಗಿನ ನೀರು ಕಾರಿನ ಕಾರ್ಪೆಟ್‌ಗೆ ಇಳಿಯುತ್ತದೆ.